ಉಂಡ ಮನೆಯ ಜಂತೆ

ಕೆಲಸ ಬಿಡೋಣ ಅಂತ ಮನಸ್ಸು ಮಾಡಿದ ಕನ್ನಡದ ಹುಡುಗನ ಎದುರಿಗೆ ಎಚ್.ಆರ್.ಗಿಂತ ಮೊದಲು ಬಂದು ನಿಲ್ಲುವವನು ಕರ್ಣ. ಯಾರೂ ಅವನ ಹೆಸರು ಎತ್ತಬೇಕಾಗಿಲ್ಲ. ಅನ್ನದ ಋಣ, ಉಪ್ಪಿನ ಋಣ, ಉಂಡ ಮನೆಯ ಜಂತೆ ಎಣಿಸಬಾರದು ಅಂತ ಒಂದು ಮಾತು ಬಿದ್ದರೆ ಸಾಕು, ಆ ಮಾತಿನ ಹಿಂದೆ ಆಸಾಮಿ ನಿಂತಿರುತ್ತಾನೆ. ಸಾಕ್ಷಾತ್ ಕೃಷ್ಣನೇ ಬಂದು ಇಡೀ ರಾಜ್ಯ ಕೊಡ್ತೀನಿ ಅಂದರೂ ದುರ್ಯೋಧನನನ್ನು ಬಿಡದವನು. ಅಂಥವನ ಮುಂದೆ, ತಿಂಗಳಿಗೆ ನಲವತ್ತೋ ಐವತ್ತೋ ಸಾವಿರ ಜಾಸ್ತಿ ಸಿಗುತ್ತೆ ಅಂತ ಹೊರಟ ನೀನು ಯಾವ ಲೆಕ್ಕ?

ಈ ಕರ್ಣನನ್ನು ನಾನು ಈಚೆಗೆ ಮತ್ತೆ ಓದಿದೆ. ಓದಬೇಕಾಗಿ ಬಂದು ಓದಿದೆ, ಅದರ ಕಾರಣ ಮುಂದೆ ಹೇಳ್ತೀನಿ. ನಾನು ಬಿ.ಇ. ಮಾಡಿದವನು, ಹಳಗನ್ನಡದ ಪಂಡಿತನಲ್ಲ. ಪಂಪಭಾರತವನ್ನು ಗದ್ಯಾನುವಾದ ಪಕ್ಕದಲ್ಲಿಟ್ಟುಕೊಂಡೇ ಓದಬೇಕು, ಅದೂ ಹೋಪ್‌ಫಾರ್ಮ್‌ನಿಂದ ಸಿಂಗಯ್ಯನಪಾಳ್ಯದವರೆಗಿನ ಮೆಟ್ರೋದಲ್ಲಿ, ನಿಂತುಕೊಂಡು. ಹಾಗೆ ಓದಿ ಮುಗಿಸಿದ ಮೇಲೆ ನನಗೊಂದು ತಕರಾರು ಹುಟ್ಟಿತು. ನಾವು ಕರ್ಣನ ಕಥೆಯನ್ನು ಅರ್ಧ ಮಾತ್ರ ಹೇಳಿಕೊಂಡು ಬಂದಿದ್ದೀವಿ. ಇನ್ನರ್ಧವನ್ನು ಕನ್ನಡದ ಕವಿಗಳು ಬಚ್ಚಿಟ್ಟಿಲ್ಲ, ಸ್ಪಷ್ಟವಾಗೇ ಬರೆದಿದ್ದಾರೆ. ಅದು ಕೆಲಸ ಕೊಡುವವರಿಗೆ ಅಷ್ಟು ಅನುಕೂಲದ ಅರ್ಧ ಅಲ್ಲ ಅಷ್ಟೇ.

ನಮ್ಮೂರು ತುರುವೇಕೆರೆ ತಾಲ್ಲೂಕಿನ ಕಡೆ. ಅಲ್ಲಿ ಕರ್ಣ ಪುಸ್ತಕದಿಂದ ಬರೋದಿಲ್ಲ, 'ಕುರುಕ್ಷೇತ್ರ' ನಾಟಕದಿಂದ ಬರ್ತಾನೆ. ಗೊತ್ತಿಲ್ಲದವರಿಗೆ ಒಂದು ಮಾತು: ನಮ್ಮ ಕಡೆ ಈ ನಾಟಕದಲ್ಲಿ ಪಾತ್ರಧಾರಿಗೆ ದುಡ್ಡು ಕೊಡೋದಿಲ್ಲ, ಪಾತ್ರಧಾರಿಯೇ ದುಡ್ಡು ಕೊಟ್ಟು ಪಾತ್ರ ತಗೋಬೇಕು. ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಗೆ, ಡ್ರೆಸ್ಸಿಗೆ ಎಲ್ಲ ಅದರಲ್ಲೇ ಆಗಬೇಕು. ದುರ್ಯೋಧನ, ಕೃಷ್ಣ, ಭೀಮ ದುಬಾರಿ ಪಾತ್ರಗಳು. ದುರ್ಯೋಧನ ಆಗೋದು ಯಾವಾಗಲೂ ಸ್ವಲ್ಪ ಜಮೀನು ಇರೋರೇ, ಅದರ ಬಗ್ಗೆ ಒಂದು ಪ್ರಬಂಧವನ್ನೇ ಬರೀಬಹುದು. ಈ ನಾಟಕದ ಕರ್ಣ ರಾತ್ರಿ ಎರಡೂವರೆ ಹೊತ್ತಿಗೆ ಬಂದು, ಮಿತ್ರನಿಗಾಗಿ ಪ್ರಾಣ ಕೊಡ್ತೀನಿ ಅಂತ ಏರು ಶ್ರುತಿಯಲ್ಲಿ ಹಾಡಿ, ಒನ್ಸ್ ಮೋರ್ ತಗೊಂಡು ಹೋಗ್ತಾನೆ. ಯಾಕೆ ಕೊಡ್ತಾನೆ, ಏನು ತಗೊಂಡು ಕೊಡ್ತಾನೆ ಅಂತ ಕೇಳೋಷ್ಟರಲ್ಲಿ ಮುಂದಿನ ಸೀನ್ ಬಂದಿರುತ್ತೆ. ನಮ್ಮಪ್ಪನ ತಲೆಯಲ್ಲಿ ಇರೋ ಕರ್ಣ ಇವನು. ಮೊನ್ನೆ ಮೊನ್ನೆವರೆಗೂ ನನ್ನ ತಲೆಯಲ್ಲಿ ಇದ್ದವನೂ ಇವನೇ.

ಈಗ ಪಂಪನನ್ನು ನೋಡಿ. 941ರಲ್ಲಿ ಬರೆದ ಕಾವ್ಯ. ಅರ್ಜುನನನ್ನು ನಾಯಕ ಮಾಡಿ, ತನ್ನ ದೊರೆ ಅರಿಕೇಸರಿಯನ್ನು ಅವನಿಗೆ ಹೋಲಿಸಿ ಬರೆದ ಪುಸ್ತಕ. ಆದರೂ ಕರ್ಣನ ಹತ್ತಿರ ಬಂದಾಗೆಲ್ಲ ಪಂಪನ ಮನಸ್ಸು ಪಕ್ಷ ಬದಲಾಯಿಸುತ್ತೆ. ಕೃಷ್ಣ ಕರ್ಣನನ್ನು ಒಬ್ಬನೇ ಕರೆದು, ನೀನು ಕುಂತಿಯ ಮಗ, ಹಿರಿಯವನು, ರಾಜ್ಯ ನಿನ್ನದು ಅನ್ನುವ ಭಾಗ ಇದೆಯಲ್ಲ, ಅಲ್ಲಿ ಕರ್ಣ ಒಪ್ಪೋದಿಲ್ಲ ಅಂತ ನಮಗೆಲ್ಲ ಗೊತ್ತು. ಒಪ್ಪದೇ ಇರೋದಕ್ಕೆ ಏನು ಕಾರಣ ಕೊಡ್ತಾನೆ ಅನ್ನೋದು ಮುಖ್ಯ. ಅಂಗರಾಜ್ಯ ಕೊಟ್ಟ ಅಂತಷ್ಟೇ ಹೇಳಿ ಸುಮ್ಮನಾಗಲ್ಲ. ಪಗಡೆಯಾಟದ ಆ ಪ್ರಸಂಗ ಎತ್ತುತ್ತಾನೆ: ಭಾನುಮತಿ ಸೋತದ್ದು, ಪಣದ ಮುತ್ತಿನ ಹಾರ ಎಳೆದಾಟದಲ್ಲಿ ಹರಿದು ಚೆಲ್ಲಾಪಿಲ್ಲಿಯಾದದ್ದು, ಅಷ್ಟರಲ್ಲಿ ಬಂದ ದುರ್ಯೋಧನ ಹುಬ್ಬು ಗಂಟಿಕ್ಕದೆ ಆಯ್ದುಕೊಡಲೇ ಅಂದದ್ದು. ಆಟ ಆಡ್ತಾ ಇದ್ದವರು ಯಾರು, ಭಾನುಮತಿ ಜೊತೆ ಕರ್ಣನೋ ದುರ್ಯೋಧನನೋ ಅಂತ ವಿದ್ವಾಂಸರು ಆ ಪದ್ಯದ ಮೇಲೆ ದೊಡ್ಡ ಜಗಳವನ್ನೇ ಮಾಡಿದ್ದಾರೆ. ನನಗೆ ಆ ಜಗಳಕ್ಕಿಂತ ಇನ್ನೊಂದು ವಿಷಯ ಹಿಡಿಸಿತು. ಕರ್ಣ ಇಲ್ಲಿ ಎಣಿಸ್ತಾ ಇದ್ದಾನೆ. ಉಂಡ ಮನೆಯ ಜಂತೆಯನ್ನು ಒಂದೊಂದಾಗಿ ಎಣಿಸಿ, ಈ ಮನೆ ನನಗೆ ಏನು ಕೊಟ್ಟಿದೆ ಅಂತ ಪಟ್ಟಿ ಹೇಳಿ, ಆಮೇಲೆ ಇಲ್ಲೇ ಇರ್ತೀನಿ ಅಂತಾನೆ. ಎಣಿಸಬಾರದು ಅನ್ನೋ ಗಾದೆಯನ್ನು ನಾವು ಯಾರ ಹೆಸರಲ್ಲಿ ಒಪ್ಪಿಕೊಂಡಿದ್ದೀವೋ, ಅವನೇ ಎಣಿಸಿದವನು.

ಇದು ಒಂದು ಕಡೆ. ಇನ್ನೊಂದು ಕಡೆಯನ್ನೂ ಪಂಪನೇ ಇಟ್ಟಿದ್ದಾನೆ, ಅದನ್ನು ನಾಟಕದವರು ಕತ್ತರಿಸಿ ಹಾಕಿದ್ದಾರೆ. ದುರ್ಯೋಧನ, ಕರ್ಣ ಇಬ್ಬರೂ ಬೇಟೆಗೆ ಹೋಗಿ ಸತ್ಯಂತಪ ಅನ್ನೋ ಮುನಿಯ ಹತ್ತಿರ ಹೋಗ್ತಾರೆ. ಮುನಿ ಮೊದಲು ಮರ್ಯಾದೆ ಕೊಡೋದು ಕರ್ಣನಿಗೆ. ದೊರೆ ನಾನಿರುವಾಗ ಇವನಿಗೆ ಯಾಕೆ ಅಂತ ಕರ್ಣನಿಲ್ಲದ ಹೊತ್ತಲ್ಲಿ ದುರ್ಯೋಧನ ಕೇಳಿದಾಗ, ಮುನಿ ಕರ್ಣನ ಹುಟ್ಟಿನ ಗುಟ್ಟು ಹೇಳಿಬಿಡ್ತಾನೆ. ಅಂದರೆ ದುರ್ಯೋಧನನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯೋಣ, ಪಾಂಡವರ ಅಣ್ಣನಿಂದಲೇ ಪಾಂಡವರನ್ನು ಮುಗಿಸೋಣ ಅಂತ ಲೆಕ್ಕ ಹಾಕಿ ಸಾಕಿದ. ಕೃಷ್ಣ ಇದನ್ನು ಕರ್ಣನಿಗೆ ಬಿಡಿಸಿ ಹೇಳ್ತಾನೆ. ರನ್ನನ ಗದಾಯುದ್ಧದಲ್ಲೂ, ಸತ್ತ ಕರ್ಣನ ಮುಂದೆ ಅಳುವ ದುರ್ಯೋಧನ, ನೀನು ಯಾರು ಅಂತ ಬಲ್ಲ ಕೆಲವೇ ಜನರಲ್ಲಿ ನಾನೂ ಒಬ್ಬ ಅಂತ ಬಾಯಿಬಿಡ್ತಾನೆ. ಹೆಣದ ಮುಂದೆ! ಬದುಕಿದ್ದಾಗ ಹೇಳಬಹುದಾಗಿದ್ದ ಮಾತು.

ನನಗೆ ಕಾವ್ಯ ಓದ್ತಾ ಮೈ ಬಿಸಿಯಾದ ಜಾಗ ಇದು. ಯಾಕೆ ಅಂದ್ರೆ ನಾನು ಸತ್ಯಂತಪನ ಆಶ್ರಮದಿಂದ ಆಗಷ್ಟೇ ಬಂದಿದ್ದೆ.

ವಿಷಯ ಇಷ್ಟು. ಮಹದೇವಪುರದಲ್ಲಿ ಒಂದು ಸಣ್ಣ ಕಂಪನಿ, ನಾವು ಹನ್ನೊಂದು ಜನ. ಸುತ್ತ ಗಾಜಿನ ಟೆಕ್‌ಪಾರ್ಕುಗಳು, ನಮ್ಮದು ಹಳೇ ಕಟ್ಟಡದ ಎರಡನೇ ಮಹಡಿ, ಲಿಫ್ಟ್ ವಾರಕ್ಕೆ ಮೂರು ದಿನ. 2012ರಲ್ಲಿ, ಬಿ.ಇ. ಮುಗಿಸಿ ಎಂಟು ತಿಂಗಳು ಕೆಲಸ ಇಲ್ಲದೆ ಕೆ.ಆರ್. ಪುರದ ಪಿ.ಜಿ.ಯಲ್ಲಿ ಒದ್ದಾಡ್ತಿದ್ದಾಗ, ಇಂಗ್ಲಿಷ್ ಇಂಟರ್‌ವ್ಯೂನಲ್ಲಿ ತಡವರಿಸಿದ ನನ್ನನ್ನು ಕನ್ನಡದಲ್ಲೇ ಪ್ರಶ್ನೆ ಕೇಳಿ ಕೆಲಸಕ್ಕೆ ತಗೊಂಡವರು ಅದರ ಮಾಲೀಕರು. ತಿಂಗಳಿಗೆ ಹನ್ನೆರಡು ಸಾವಿರ. ಅಪ್ಪನಿಗೆ ಆಪರೇಷನ್ ಆದಾಗ ಒಂದೂವರೆ ಲಕ್ಷ ಕೊಟ್ಟರು, ಬಡ್ಡಿ ಇಲ್ಲದೆ ಸಂಬಳದಲ್ಲಿ ಮುರ್ಕೊಂಡರು. 2020ರ ಲಾಕ್‌ಡೌನ್‌ನಲ್ಲಿ ದೊಡ್ಡ ದೊಡ್ಡೋರೇ ಸಂಬಳ ಕಟ್ ಮಾಡಿದಾಗ ಇವರು ಒಂದು ತಿಂಗಳೂ ತಪ್ಪಿಸಲಿಲ್ಲ. ತಂಗಿ ಮದುವೆಗೆ ಊರಿಗೆ ಬಂದು ನೆಲದ ಮೇಲೆ ಕೂತು ಊಟ ಮಾಡಿ ಹೋದರು. ನಮ್ಮಪ್ಪ ಇವತ್ತಿಗೂ ಫೋನಿನಲ್ಲಿ ಮೊದಲು ಕೇಳೋದು 'ನಿಮ್ ಸಾಹುಕಾರ್ರು ಚೆನ್ನಾಗವ್ರಾ?' ಅಂತ. ಇಷ್ಟೆಲ್ಲ ಹೇಳಿದ್ದು, ಇವರನ್ನು ಕೆಟ್ಟವರು ಅಂತ ಬರೆದುಬಿಟ್ಟರೆ ನನ್ನ ಕೆಲಸ ಸುಲಭ ಆಗಿಬಿಡುತ್ತೆ, ಆದರೆ ಅದು ನಿಜ ಅಲ್ಲ, ಅದಕ್ಕೆ.

ಈಗ ನನ್ನ ಸಂಬಳ ಅರವತ್ತೆಂಟು ಸಾವಿರ. ಹನ್ನೆರಡು ವರ್ಷದ ಮೇಲೆ ಅನುಭವ. ಇದು ಕಡಿಮೆ ಅಂತ ನನಗೆ ಗೊತ್ತಿತ್ತು. ಎಷ್ಟು ಕಡಿಮೆ ಅಂತ ಗೊತ್ತಿರಲಿಲ್ಲ. ಹೋದ ವರ್ಷ ಗಿರಾಕಿಗೆ ಹೋಗಬೇಕಾದ ಬಿಲ್ಲು ತಪ್ಪಿ ನನ್ನ ಮೇಲ್‌ಗೂ ಬಂತು. ನನ್ನ ಹೆಸರಿನ ಎದುರು ಗಂಟೆಗೆ 28 ಡಾಲರ್. ತಿಂಗಳಿಗೆ ನೂರಅರವತ್ತು ಗಂಟೆ. ನೀವೇ ಗುಣಿಸಿ. ಬಾಡಿಗೆ, ಕರೆಂಟು, ತೆರಿಗೆ, ಕೆಲಸ ಇಲ್ಲದ ತಿಂಗಳ ನಷ್ಟ ಎಲ್ಲ ಕಳೆದರೂ ನನ್ನ ಪಾಲು ತೀರಾ ತೆಳ್ಳಗೆ ಕಾಣ್ತಿತ್ತು. ಪ್ರತಿ ಏಪ್ರಿಲ್‌ನಲ್ಲಿ 'ಈ ವರ್ಷ ಟೈಟು ಕಣಯ್ಯ, ನಾವೆಲ್ಲ ಒಂದೇ ಮನೆಯೋರು ಇದ್ದಂಗೆ' ಅಂತ ಅವರು ಹೇಳುವಾಗ ಈ ಅಂಕಿ ಅವರ ಎದುರಿನ ಪರದೆಯ ಮೇಲೆ ಇದ್ದೇ ಇತ್ತು. ಸಂಬಳ ಕಡಿಮೆ ಇದ್ದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಕಾಡಿತು. ನನ್ನ ಬೆಲೆ ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ಅದೇ ಹೊತ್ತಿಗೆ ಬೇರೆ ಕಡೆಯಿಂದ ಒಂದು ಆಫರ್ ಬಂತು, ಹತ್ತಿರ ಹತ್ತಿರ ಎರಡರಷ್ಟು. ಉತ್ತರ ಕೊಡೋಕೆ ಹತ್ತು ದಿನ. ಕರ್ಣನನ್ನು ಓದಿದ್ದು ಆ ಹತ್ತು ದಿನದಲ್ಲಿ.

ಹಾಗಾದರೆ ಗೊತ್ತಾದ ಮೇಲೂ ಕರ್ಣ ಬಿಡಲಿಲ್ಲವಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಪಂಪನಿಗಿಂತ ಕುಮಾರವ್ಯಾಸ ಚೆನ್ನಾಗಿ ಉತ್ತರ ಕೊಡ್ತಾನೆ. ಅವನಲ್ಲಿ ಈ ಭಾಗ ಬರೋದು ಉದ್ಯೋಗಪರ್ವದಲ್ಲಿ (ಹೆಸರು ನೋಡಿ!). ಕೃಷ್ಣ ರಥದಲ್ಲಿ ಮೈಗೆ ಮೈ ತಾಗುವಷ್ಟು ಹತ್ತಿರ ಕೂರಿಸಿಕೊಂಡು, ಎಡಕ್ಕೆ ಕೌರವರು ಬಲಕ್ಕೆ ಪಾಂಡವರು ನಿಂತು ನಿನ್ನ ಸೇವೆ ಮಾಡುವ ಹಾಗೆ ಮಾಡ್ತೀನಿ ಅಂತ ಆಸೆ ತೋರಿಸ್ತಾನೆ. ಕರ್ಣನ ಗಂಟಲು ಕಟ್ಟುತ್ತೆ. ಬೇಡ ಅಂತಾನೆ. ಆದರೆ ಬೇಡ ಅಂದ ಮೇಲೆ ಏನು ಮಾತು ಕೊಡ್ತಾನೆ ಗಮನಿಸಿ: ಯುದ್ಧ ಮಾಡಿ ಒಡೆಯನ ಋಣ ತೀರಿಸ್ತೀನಿ, ಮೈ ಬಿಡ್ತೀನಿ, ಆದರೆ ನಿನ್ನ ಐದು ಜನಕ್ಕೆ ನೋವು ಮಾಡೋದಿಲ್ಲ. ಆಮೇಲೆ ಕುಂತಿ ಬಂದಾಗ, ಒಮ್ಮೆ ತೊಟ್ಟ ಬಾಣವನ್ನು ಮತ್ತೆ ತೊಡೋದಿಲ್ಲ ಅಂತ ಇನ್ನೊಂದು ಮಾತು. ಕರ್ಣಪರ್ವದಲ್ಲಿ ಸರ್ಪಾಸ್ತ್ರ ತಾನೇ ವಾಪಸ್ಸು ಬಂದು ಇನ್ನೊಂದು ಸಲ ಹೂಡು ಅಂದರೂ ಹೂಡೋದಿಲ್ಲ.

ಅಂದರೆ ದುರ್ಯೋಧನನಿಗೆ ಸಿಕ್ಕಿದ್ದು ಏನು? ಯಾವ ಐದು ಜನರನ್ನು ಕೊಲ್ಲಲಿ ಅಂತ ಸಾಕಿದನೋ, ಆ ಐವರನ್ನು ಕೊಲ್ಲೋದಿಲ್ಲ ಅಂತ ಎದುರು ಪಕ್ಷಕ್ಕೆ ಮಾತು ಕೊಟ್ಟ ಸೇನಾಪತಿ. ಕರ್ಣ ಬಿಟ್ಟು ಹೋಗಲಿಲ್ಲ, ಸರಿ. ಪೂರ್ತಿ ಇದ್ದನೂ ಅಲ್ಲ. ಆಫೀಸಿನ ಭಾಷೆಯಲ್ಲಿ ಹೇಳೋದಾದರೆ ರಾಜೀನಾಮೆ ಕೊಡದೆ, ಕೂತ ಸೀಟಿನಲ್ಲೇ ಕೆಲಸ ಬಿಟ್ಟವನು. ಅಳುಕಿಗೆ ಕಟ್ಟುಬಿದ್ದು ಉಳಿದವನು ಕೊಡಬಲ್ಲದ್ದು ಇಷ್ಟೇ ಅಂತ ಕುಮಾರವ್ಯಾಸನಿಗೆ ಗೊತ್ತಿತ್ತು ಅನ್ನಿಸುತ್ತೆ. ನಾನು ಆ ವರ್ಷ ಆಫೀಸಿನಲ್ಲಿ ಮಾಡ್ತಿದ್ದದ್ದೂ ಹೆಚ್ಚು ಕಡಿಮೆ ಅದೇ. ಬಿಲ್ಲು ನೋಡಿದ ಮೇಲೆ ಸಂಜೆ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚೋದು, ಕಷ್ಟದ ಕೆಲಸಕ್ಕೆ ಕೈ ಎತ್ತದೇ ಇರೋದು. ಹೋಗಲಾರೆ ಅನ್ನೋ ಒಳ್ಳೇತನ ಮತ್ತು ಕೈ ಎತ್ತಲಾರೆ ಅನ್ನೋ ಮುನಿಸು ಎರಡೂ ಒಂದೇ ಕುರ್ಚಿಯಲ್ಲಿ.

ಋಣ ಅನ್ನೋದೇ ಸುಳ್ಳು, ಎಲ್ಲ ಧಣಿಗಳ ಕಟ್ಟುಕಥೆ ಅನ್ನೋರಿದ್ದಾರೆ. ನಾನು ಒಪ್ಪೋದಿಲ್ಲ. ನಮ್ಮ ಹಳೇ ಕನ್ನಡದಲ್ಲಿ ಇದಕ್ಕೆ ಜೋಳವಾಳಿ ಅಂತ ಹೆಸರೇ ಇತ್ತು, ಉಂಡ ಜೋಳಕ್ಕೆ ತೋರಿಸುವ ನಿಷ್ಠೆ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ವೇಳೆವಾಳಿ: ಒಡೆಯ ಸತ್ತಾಗ ಜೊತೆಗೇ ಸಾಯುವ ಪ್ರತಿಜ್ಞೆ. ಹಾಗೆ ಸಾಯುವವರನ್ನು ಗರುಡರು ಅಂತ ಕರೀತಿದ್ರು. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಪಕ್ಕ ಒಂದು ಕಂಬ ಇದೆ, 1220ರ ಹೊತ್ತಿಗೆ ಎರಡನೇ ಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮ, ಅವನ ಹೆಂಡತಿ, ಅವನ ಗರುಡರು ಪ್ರಾಣ ಕೊಟ್ಟ ಕಥೆ ಅದರ ಮೇಲಿದೆ. ದಿನಾ ಮೆಟ್ರೋ ಗರುಡಾಚಾರ್‌ಪಾಳ್ಯ ಅಂತ ಕೂಗಿದಾಗ ನನಗೆ ಈ ಕಂಬ ನೆನಪಾಗುತ್ತೆ, ಆ ಹೆಸರಿಗೂ ಈ ಗರುಡರಿಗೂ ಏನೂ ನಂಟಿಲ್ಲದಿದ್ದರೂ.

ಆದರೆ ಈ ಕಲ್ಲುಗಳನ್ನೂ ನಾವು ಅರ್ಧವೇ ಓದ್ತೀವಿ. ಕಸ್ತೂರ್‌ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಬೇಗೂರಿನ ವೀರಗಲ್ಲು ಇದೆ, ಸುಮಾರು 900ರ ಕಾಲದ್ದು, ಆನೆ ಕುದುರೆ ಕತ್ತಿ ಎಲ್ಲ ತುಂಬಿಕೊಂಡ ದೊಡ್ಡ ಕಲ್ಲು. ನಾಗತ್ತರ ಅನ್ನೋ ವೀರ ಯುದ್ಧದಲ್ಲಿ ಸತ್ತ ವಿಷಯ ಅದರಲ್ಲಿದೆ. ಶಾಲಾ ಮಕ್ಕಳಿಗೆ ಗೈಡು ಅಷ್ಟು ಹೇಳಿ ಮುಂದೆ ಕರ್ಕೊಂಡು ಹೋಗ್ತಾರೆ. ಕಲ್ಲು ಅಲ್ಲಿಗೆ ನಿಲ್ಲೋದಿಲ್ಲ. ಅದಾದ ಮೇಲೆ ಗಂಗರ ದೊರೆ ಎರೆಯಪ್ಪ, ಇರುಗ ಅನ್ನೋನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡು ಅನ್ನೋ ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟದ್ದು, ಆ ಹಳ್ಳಿಗಳ ಹೆಸರು, ಎಲ್ಲ ಕೆತ್ತಿದೆ. ಸೇವೆಯನ್ನು ಬರೆದ ಕಲ್ಲೇ ಕೂಲಿಯನ್ನೂ ಬರೆದಿದೆ, ಊರಿಗೆಲ್ಲ ಕಾಣೋ ಹಾಗೆ. ಗಂಗರ ಕಾಲದ ದೊರೆ ತಾನು ಏನು ಕೊಟ್ಟೆ ಅಂತ ಕಲ್ಲಲ್ಲಿ ಹಾಕಿಸಿದ. ನಮ್ಮ ಕಾಲದ ಆಫರ್ ಲೆಟರ್‌ನಲ್ಲಿ ಸಂಬಳದ ವಿಷಯ ಸಹೋದ್ಯೋಗಿಗಳ ಹತ್ತಿರ ಮಾತಾಡಬಾರದು ಅಂತ ಒಂದು ಸಾಲು ಇರುತ್ತೆ.

ಶಬ್ದಗಳೂ ಇದೇ ಕಥೆ ಹೇಳ್ತವೆ. ಜೀತ ಅನ್ನೋದು ಜೀವಿತ ಅನ್ನೋದರಿಂದ ಬಂದದ್ದು, ಮೊದಲು ಅದರ ಅರ್ಥ ಸಂಬಳ, ಬದುಕೋದಕ್ಕೆ ಕೊಡೋದು ಅಂತ. ಕೊಡೋದು ಕಡಿಮೆಯಾಗಿ ಹಿಡಿದಿಟ್ಟುಕೊಳ್ಳೋದು ಜಾಸ್ತಿಯಾಗ್ತಾ ಹೋಗಿ, 1976ರಲ್ಲಿ ಕಾಯ್ದೆ ಮಾಡಿ ನಿಷೇಧಿಸಬೇಕಾದ ಶಬ್ದ ಆಯಿತು. ಸಂಬಳ ಅನ್ನೋದಕ್ಕೆ ಮೂಲವಾದ ಸಂಸ್ಕೃತ ಶಬ್ದಕ್ಕೆ ದಾರಿಬುತ್ತಿ ಅಂತ ಅರ್ಥ. ಬುತ್ತಿ ಕಟ್ಟಿಕೊಡೋನಿಗೆ ಎದುರಿಗಿರೋನು ಎದ್ದು ಹೋಗುವವನು ಅಂತ ಗೊತ್ತಿರುತ್ತೆ.

ಕಾನೂನಿನ ಕಡೆಯಿಂದ ನೋಡಿದರೂ ಲೆಕ್ಕವೇ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕಿನ ಒಂದು ಪ್ರಕರಣ ತೀರ್ಮಾನಿಸಿತು. ಮೂರು ವರ್ಷ ತುಂಬೋ ಮುಂಚೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕು ಅಂತ ಕರಾರು, ಅಧಿಕಾರಿ 2009ರಲ್ಲಿ ಬಿಟ್ಟು ಬೇರೆ ಬ್ಯಾಂಕಿಗೆ ಹೋದರು, ತಕರಾರಿನ ಮೇಲೆ ದುಡ್ಡು ಕಟ್ಟಿ ಕೋರ್ಟಿಗೂ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ಹೇಳಿತು, ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ. ನನಗೆ ಆ ತೀರ್ಪು ಪೂರ್ತಿ ಹಿತವಾಗಲಿಲ್ಲ. ಸರ್ಕಾರಿ ಬ್ಯಾಂಕಿಗೆ ಹೊಸಬರನ್ನು ತಗೊಳ್ಳೋ ಖರ್ಚು ಇರುತ್ತೆ ಅನ್ನೋ ಮಾತು ಸರಿ, ಅದೇ ವಾದವನ್ನು ಹಿಡಿದು ಹೊಸ ಹುಡುಗರಿಂದ ಬಾಂಡ್ ಬರೆಸಿಕೊಳ್ಳೋ ಸಣ್ಣ ಕಂಪನಿಗಳು ಏನು ಮಾಡಿಯಾವು ಅನ್ನೋದು ಬೇರೆ. ಆದರೂ ಒಂದು ಮೆಚ್ಚಬೇಕು: ಅಲ್ಲಿ ಬಿಟ್ಟುಹೋಗೋದಕ್ಕೆ ಒಂದು ಬೆಲೆ ಇತ್ತು, ಮೊದಲೇ ಬರೆದಿತ್ತು, ಕಟ್ಟಿದರೆ ಮುಗೀತಿತ್ತು. ತಂಗಿ ಮದುವೆಯಲ್ಲಿ ನೆಲದ ಮೇಲೆ ಕೂತು ಉಂಡದ್ದಕ್ಕೆ ಎಷ್ಟು ಅಂತ ಯಾವ ಕೋರ್ಟು ಹೇಳುತ್ತೆ?

ಅದಕ್ಕೆ ನಾನೇ ಎಣಿಸಿದೆ. ಒಂದು ಹಾಳೆಯಲ್ಲಿ ಎರಡು ಕಡೆ. ಕೆಲಸ ಕೊಟ್ಟದ್ದು, ಆಪರೇಷನ್ ದುಡ್ಡು (ತೀರಿದೆ), ಲಾಕ್‌ಡೌನ್, ಮದುವೆ. ಆ ಕಡೆ ಹನ್ನೆರಡು ವರ್ಷದ ಕೆಲಸ, ಮೂರು ದೀಪಾವಳಿ ಆಫೀಸಿನಲ್ಲಿ, ನಾನೊಬ್ಬನೇ ಕಟ್ಟಿದ ಎರಡು ಪ್ರಾಡಕ್ಟ್‌ಗಳು, ಗಂಟೆಗೆ 28 ಡಾಲರ್. ಎರಡೂ ಸಮ ಆಗಲಿಲ್ಲ, ಆಗುವ ವಸ್ತುಗಳೂ ಅಲ್ಲ. ಆದರೆ ಎಣಿಸುವ ಮುಂಚೆ ಆ ಋಣ ತೀರಲಾರದ್ದು ಅನ್ನಿಸ್ತಿತ್ತು, ಎಣಿಸಿದ ಮೇಲೆ ದೊಡ್ಡದು ಅಂತ ಮಾತ್ರ ಅನ್ನಿಸಿತು.

ಅಪ್ಪನಿಗೆ ಫೋನ್ ಮಾಡಿದೆ. ಡಾಲರ್ ಲೆಕ್ಕ ಹೇಳಲಿಲ್ಲ, ಸತ್ಯಂತಪನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ದುರ್ಯೋಧನಂಗೆ ಮೊದ್ಲೇ ಗೊತ್ತಿತ್ತಾ? ನಾಟಕ್‌ದಾಗೆ ಹಂಗಿಲ್ವಲ್ಲ' ಅಂದ. ಪಂಪ ಬರೆದಿದ್ದಾನೆ ಅಂದೆ. 'ಹಂಗಾರೆ ಅವ್ನು ಮಿತ್ರ ಎಂಗಾದಾನು' ಅಂದವನು, ಕೆಲಸದ ಬಗ್ಗೆ ಒಂದು ಮಾತೂ ಆಡದೆ, ರಾಗಿ ಕಟಾವಿಗೆ ಮಿಷನ್ ಸಿಗ್ತಿಲ್ಲ ಅಂತ ಬೇರೆ ಮಾತು ತೆಗೆದ.

ಒಂಬತ್ತನೇ ದಿನ ಸಾರ್ ರೂಮಿಗೆ ಹೋಗಿ ಹೇಳಿದೆ. ಬಿಲ್ಲಿನ ವಿಷಯವನ್ನೂ ಹೇಳಿದೆ, ಅದನ್ನು ಮುಚ್ಚಿಟ್ಟು ಊರಿಗೆ ಹತ್ತಿರ ಅಂತಲೋ ಆರೋಗ್ಯ ಅಂತಲೋ ನೆಪ ಹೇಳೋಕೆ ಮನಸ್ಸು ಬರಲಿಲ್ಲ. ಅವರು ಕೋಪ ಮಾಡ್ಕೊಳ್ಳಲಿಲ್ಲ. 'ನೀನೂ ಹೊರಟೆಯಾ' ಅಂದ್ರು. ಆಮೇಲೆ ಹದಿನೈದು ಸಾವಿರ ಜಾಸ್ತಿ ಮಾಡ್ತೀನಿ ಅಂದ್ರು. ಏಪ್ರಿಲ್‌ನಲ್ಲಿ ಇಲ್ಲದ ಹದಿನೈದು ಸಾವಿರ ನವೆಂಬರ್‌ನಲ್ಲಿ ಎಲ್ಲಿಂದ ಬಂತು ಸಾರ್ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಬೇಡ ಸಾರ್ ಅಂದೆ. ಕಾಫಿ ತರಿಸಿದರು, ಇಬ್ಬರೂ ಕುಡಿದೆವು.

ನೋಟಿಸ್ ಪೀರಿಯಡ್ ತೊಂಬತ್ತು ದಿನ. ಈಗ ಅದರಲ್ಲಿ ಇದ್ದೀನಿ. ಬೇಗ ಬಿಡಿಸ್ಕೊಳ್ಳೋಕೆ ನೋಡಲಿಲ್ಲ, ಪೂರ್ತಿ ಮಾಡಿಕೊಟ್ಟೇ ಹೋಗ್ತೀನಿ, ಈ ಸಲ ಕೈ ಕಟ್ಟಿಕೊಳ್ಳದೆ. ನನ್ನ ಕೆಲಸ ಹೇಳಿಕೊಡೋಕೆ ಇಬ್ಬರು ಹುಡುಗರನ್ನು ಕೊಟ್ಟಿದ್ದಾರೆ, ಒಬ್ಬ ಚಿಂತಾಮಣಿ ಕಡೆಯವನು, ಇನ್ನೊಬ್ಬ ಸಿಂಧನೂರಿನವನು. ಇಬ್ಬರೂ ಚುರುಕು. ಮೊನ್ನೆ ಕೆಳಗೆ ಟೀ ಕುಡೀತಾ ಸಿಂಧನೂರಿನವನು ಸುತ್ತಮುತ್ತ ನೋಡಿ, 'ಅಣ್ಣಾರ, ಈ ಕೆಲಸಕ್ಕ ಹೊರಗ ಎಷ್ಟು ಕೊಡ್ತಾರ್ರಿ?' ಅಂತ ಕೇಳಿದ.

ಹೇಳಿದೆ. ಗಂಟೆ ಲೆಕ್ಕವನ್ನೂ ಹೇಳಿದೆ.